ಅತ್ತಿಯ ದವಡೆಯ ಗಂಟು, ಮಿಷನ್ನಿನ ಮೇಲಿನ ಆರೋಪ

ನಮ್ಮ ಬಳಗದಲ್ಲಿ ಈ ಸಂಗತಿಯನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ. ಅತ್ತಿಯ ಕಿವಿಯ ಕೆಳಗಿನ ಗಂಟು ತನ್ನ ಪಾಡಿಗೆ ತಾನು ಮಲಗಿತ್ತು. ಭಾಲ್ಕಿಯಲ್ಲಿ ಅದರ ಮೇಲೆ ಸ್ಕ್ಯಾನಿಂಗ್ ಮಿಷನ್ ಆಡಿಸಿದರು. ಅದು ಎದ್ದಿತು, ಮುಖ ತಿಂದಿತು. ಕುಬುಸದ ಮನೆಯಲ್ಲಿ, ಮಣ್ಣು ಕೊಟ್ಟು ಬಂದ ಅಂಗಳದಲ್ಲಿ, ಟ್ಯಾಂಕರಿಗೆ ಕಾಯುತ್ತ ಕೊಡ ಸಾಲಿಗಿಟ್ಟು ನಿಂತಲ್ಲಿ, ಎಲ್ಲಿ ಕೇಳಿದರೂ ಇಷ್ಟೇ. ಹೇಳುವವರು ಕಡೆಗೆ ತಮ್ಮ ಗದ್ದ ಮುಟ್ಟಿಕೊಂಡು, "ಇದ್ದದ್ದು ಇದ್ದಂಗ ಬಿಡಬೇಕಿತ್ತು ನೋಡ್ರಿ" ಅನ್ನುತ್ತಾರೆ. ಕೇಳಿದವರು "ಖರೇ ಅದರಿ" ಅನ್ನುತ್ತಾರೆ.

ಖರೇ ಅಲ್ಲ. ಒಂದಾದ ಮೇಲೆ ಇನ್ನೊಂದು ನಡೆದರೆ ಮೊದಲನೆಯದೇ ಕಾರಣ ಅನ್ನುವುದಾದರೆ, ಛತ್ರಿ ಬಿಚ್ಚಿದ ಮೇಲೆ ಮಳೆ ಬಿದ್ದದ್ದನ್ನು ನಾವೆಲ್ಲ ಕಂಡವರೇ. ಆ ಬರಗಾಲದ ವರ್ಷಗಳಲ್ಲಿ ಜಿಲ್ಲೆಗೆ ಜಿಲ್ಲೆಯೇ ಛತ್ರಿ ಬಿಚ್ಚಿಕೊಂಡು ನಿಂತಿದ್ದರೆ ಮುಗಿಯುತ್ತಿತ್ತು. ಆ ಮಿಷನ್ ಒಳಗೆ ಕಳಿಸುವುದು ಸದ್ದನ್ನು, ನಮ್ಮ ಕಿವಿಗೆ ನಿಲುಕದ ಸದ್ದನ್ನು. ಹೋದ ಸದ್ದು ಒಳಗೆ ತಟ್ಟಿ ವಾಪಸು ಬರುತ್ತದೆ, ಬಂದದ್ದು ಪರದೆಯ ಮೇಲೆ ಚಿತ್ರವಾಗುತ್ತದೆ. ಅದೇ ಸದ್ದನ್ನು ನಮ್ಮ ಓಣಿಯ ಬಸುರಿಯರೆಲ್ಲ ಹೊಟ್ಟೆಯ ಮೇಲೆ ಹಾಯಿಸಿಕೊಂಡು ಬಂದು ಗಟ್ಟಿಮುಟ್ಟಾದ ಕೂಸುಗಳನ್ನು ಹೆತ್ತಿದ್ದಾರೆ. ಹೊಟ್ಟೆಗೆ ಆಗದ ಕೇಡು ಗದ್ದಕ್ಕೆ ಹೇಗಾಯಿತು? ಹೀಗೆ ಕೇಳಿದರೆ ಉತ್ತರ ಬರುವುದಿಲ್ಲ, "ಈಕಿ ಬಾಯಿಗೆ ಯಾರು ಬೀಳ್ತಾರವ್ವ" ಅನ್ನುವ ಮಾತು ಬರುತ್ತದೆ. ಬೀದರಿನಲ್ಲಿ ಕಾಲೇಜು ಓದುವಾಗ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಬಳಗದಲ್ಲಿ ಅದು ಒಂದು ಜಡ್ಡಿನ ಹಾಗೆ ಪ್ರಸಿದ್ಧ. ಅತ್ತಿ ನನ್ನನ್ನು ಕರೆಯುತ್ತಿದ್ದದ್ದೇ ವಕೀಲಬಾಯಿ ಅಂತ.

ಅತ್ತಿ ಅಂದರೆ ನನ್ನ ಅಪ್ಪನ ತಂಗಿ. ಔರಾದ್ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಅವಳ ಗಂಡ, ನನ್ನ ಮಾಮ, ಗೌಂಡಿ, ಗೋಡೆ ಕಟ್ಟುವವರು. ಅತ್ತಿ ಅವರಿಗೆ ಸಿಮೆಂಟು ಮರಳು ಕಲಸಿ ಬುಟ್ಟಿ ಎತ್ತಿಕೊಡುವವಳು. ಬರ ಅಂದರೆ ಎಲ್ಲರಿಗೂ ಹೊಲವೇ ಕಣ್ಣಿಗೆ ಬರುತ್ತದೆ. ಗೋಡೆಗೂ ಬರ ಬರುತ್ತದೆ. ಕಟ್ಟಿದ ಗೋಡೆಗೆ ದಿನವೂ ನೀರು ಹೊಡೆಯಬೇಕು, ಇಲ್ಲದಿದ್ದರೆ ಕೈಯಿಂದ ಕೆರೆದರೂ ಉದುರುತ್ತದೆ. ಕುಡಿಯುವುದಕ್ಕೇ ಟ್ಯಾಂಕರ್ ಬರುವ ಊರಲ್ಲಿ ಗೋಡೆಗೆ ನೀರು ಯಾರು ಹೊಡೆಯುತ್ತಾರೆ? "ಇಟ್ಟಂಗಿಗೂ ನೀರಡಿಕಿ ಇರ್ತದ್ರಿ, ಆದ್ರ ಅದು ಬಾಯಿ ಬಿಟ್ಟು ಕೇಳಂಗಿಲ್ಲ" ಅಂತ ಮಾಮ ಹೇಳುತ್ತಿದ್ದರು. ಊರಲ್ಲಿ ಕೆಲಸ ನಿಂತಿತು. ಹೈದರಾಬಾದಿಗೆ ಹೋಗುವುದು ಮೊದಲೂ ಇತ್ತು, ಈಗ ಅದೊಂದೇ ಉಳಿಯಿತು. ಅಲ್ಲಿಯ ಗುತ್ತೇದಾರ ಕೇಳುತ್ತಿದ್ದದ್ದು ಜೋಡಿಯನ್ನು. ಗಂಡ ಹೆಂಡತಿ ಇಬ್ಬರೂ ಬಂದರೆ ಕಟ್ಟಡದ ಹಿಂದೆ ತಗಡಿನ ಒಂದು ಖೋಲಿ. ಒಬ್ಬನೇ ಬಂದವನಿಗೆ ಖೋಲಿ ಇಲ್ಲ, ಎಷ್ಟೋ ಸಲ ಕೆಲಸವೂ ಇಲ್ಲ. ಓಣಿಯಲ್ಲಿ ಯಾರೂ "ಅವ ಹೋದ" ಅನ್ನುತ್ತಿರಲಿಲ್ಲ. "ಜೋಡಿ ಹೋಯ್ತು" ಅನ್ನುತ್ತಿದ್ದರು.

ಗಂಟು ಇದ್ದದ್ದು ಎಡಗಿವಿಯ ಹಾಲೆಯ ಕೆಳಗೆ, ದವಡೆ ತಿರುಗುವಲ್ಲಿ. ಔರಾದಿನ ಡಾಕ್ಟರು ಗಾಲಗುಂಡ ಅಂತ ಗುಳಿಗೆ ಕೊಟ್ಟಿದ್ದರು. ಮಂಗನಬಾವಿಗೆ ಗಡಿಯ ಕಡೆ ಅನ್ನುವುದು ಹಾಗೆ. ಮಂಗನಬಾವು ಜ್ವರ ತರುತ್ತದೆ, ಗದ್ದ ಉಬ್ಬಿಸುತ್ತದೆ, ವಾರದಲ್ಲಿ ಇಳಿದು ಹೋಗುತ್ತದೆ. ಇದು ಜ್ವರವನ್ನೂ ತರಲಿಲ್ಲ, ವರ್ಷದ ಮೇಲಾದರೂ ಹೋಗಲಿಲ್ಲ. ದೀಪಾವಳಿಗೆ ಅತ್ತಿ ಭಾಲ್ಕಿಯಲ್ಲಿ ಆಯಿಯ ಮನೆಗೆ, ಅಂದರೆ ನನ್ನ ಅಪ್ಪನ ತಾಯಿಯ ಮನೆಗೆ ಬಂದಳು. ನಾನೂ ಬೀದರಿನಿಂದ ಹೋಗಿದ್ದೆ. ಗಂಟು ಬೋರೆಹಣ್ಣಿನಷ್ಟಾಗಿತ್ತು. ನಾನು ಜಗಳ ತೆಗೆದೆ.

"ನೋವು ಅದ ಏನು?"

"ಇಲ್ಲ."

"ಮತ್ತ ಯಾಕ ಮುಟ್ಟಿ ಮುಟ್ಟಿ ನೋಡ್ಕೋತಿ?"

"ಅದನೋ ಹೋಯ್ತೋ ಅಂತ. ಯಾಕ ವಕೀಲಬಾಯಿ, ಬೀದರದಾಗ ನಿನಗ ಯಾವ ಕೇಸೂ ಸಿಗವಲ್ದೇನು?"

"ಈಗ ಸಿಕ್ಕದ. ನಾಳಿಗಿ ಸ್ಕ್ಯಾನಿಂಗ್ ಸೆಂಟರಿಗಿ ನಡಿ."

ಸ್ಕ್ಯಾನಿಂಗ್ ಸೆಂಟರಿನ ಬೆಂಚುಗಳ ತುಂಬ ಬಸುರಿಯರು. ಗಂಡೋ ಹೆಣ್ಣೋ ಹೇಳುವುದಿಲ್ಲ, ಕೇಳುವುದೂ ಅಪರಾಧ ಅನ್ನುವ ಬೋರ್ಡು ಗೋಡೆಯ ಮೇಲೆ. ನಮ್ಮ ಕಡೆ ಸ್ಕ್ಯಾನಿಂಗ್ ಅಂದರೆ ಹೊಟ್ಟೆ, ಬೇರೆ ಅರ್ಥವಿಲ್ಲ. ಸೊಸೆಯನ್ನು ಕರೆತಂದಿದ್ದ ಮುದುಕಿಯೊಬ್ಬಳು ನಲವತ್ತು ದಾಟಿದ ಅತ್ತಿಯನ್ನು ಮೇಲಿಂದ ಕೆಳಗೆ ಅಳೆದಳು.

"ಎಷ್ಟರಾಗ ನಡದದವ್ವ?"

ಅತ್ತಿ ಸೆರಗು ಸರಿಸಿ ಕಿವಿಯ ಕೆಳಗೆ ಬೆರಳು ಮಾಡಿದಳು. "ವರ್ಷ ಮೀರ್ಯದರಿ. ನಂದು ಗದ್ದದಾಗ ನಿಂತದ."

ಬೆಂಚಿಗೆ ಬೆಂಚೇ ನಕ್ಕಿತು. "ಗಂಡೋ ಹೆಣ್ಣೋ ಕೇಳಬ್ಯಾಡ ಮತ್ತ, ಹಿಡಕೊಂಡು ಹೋಗ್ತಾರ" ಅಂದಳು ಮುದುಕಿಯ ಸೊಸೆ.

ಡಾಕ್ಟರು ಹೆಂಗಸು, ಮಾತು ಕಡಿಮೆ. ಮಿಷನ್ ಮುಟ್ಟುವ ಮುಂಚೆ ಉಣ್ಣುವಾಗ ಗಂಟು ದೊಡ್ಡದಾಗುತ್ತದೆಯೇ, ಹುಳಿ ತಿಂದರೆ ನೋಯುತ್ತದೆಯೇ ಅಂತ ಕೇಳಿದರು. ಇಲ್ಲ ಅಂದಳು ಅತ್ತಿ. ಹಾಗಿದ್ದರೆ ಜೊಲ್ಲಿನ ನಾಳದಲ್ಲಿ ಕಲ್ಲು ಸಿಕ್ಕಿರುವ ಸಂಶಯ ಕಡಿಮೆ ಅಂದರು. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಲು, ಕೆನ್ನೆ ಉಬ್ಬಿಸಲು, ಹಲ್ಲು ತೋರಿಸಲು ಹೇಳಿದರು.

"ಎಮ್ಮಿ ಕೊಳ್ಳುವಾಗ ಹಿಂಗ ಹಲ್ಲು ನೋಡ್ತಾರ್ರಿ ಮೇಡಂ" ಅಂದಳು ಅತ್ತಿ, ಹಲ್ಲು ಕಿಸಿದುಕೊಂಡೇ.

"ಎಮ್ಮಿ ಚಲೋ ಅದ ಬಿಡ್ರಿ, ಎರಡೂ ಕಡೆ ಸಮ ನಗ್ತದ" ಅಂದರು ಡಾಕ್ಟರು.

ತಣ್ಣಗಿನ ಲೋಳೆ ಹಚ್ಚಿ ಕೈಮಿಷನ್ನನ್ನು ಕಿವಿಯ ಮುಂದಿನಿಂದ ದವಡೆಯ ಕೆಳಗಿನವರೆಗೆ ಮೆಲ್ಲಗೆ ಎಳೆದರು. ಪರದೆಯ ಮೇಲೆ ಜೊಲ್ಲಿನ ಗ್ರಂಥಿ ಸೋಸಿದ ಹಿಟ್ಟಿನ ಹಾಗೆ ಒಂದೇ ಸಮ ಬೂದು. ಅದರ ನಡುವೆ ಗಂಟು ಕಪ್ಪಗೆ. ಮೇಲಿನ ಅಂಚು ಗೆರೆ ಎಳೆದ ಹಾಗಿತ್ತು. ಕೆಳಗೆ, ಆಳದ ಕಡೆ, ಆ ಗೆರೆ ಕಲಸಿಹೋಗಿತ್ತು. ಡಾಕ್ಟರು ಗುಂಡಿ ಒತ್ತಿ ಪರದೆಗೆ ಬಣ್ಣ ತಂದರು. ರಕ್ತ ಓಡುವಲ್ಲಿ ಕೆಂಪು ನೀಲಿ ಚುಕ್ಕೆ ಮಿನುಗಿದವು. ಕುತ್ತಿಗೆಯ ಉದ್ದಕ್ಕೂ ಹುಡುಕಿ, ಇಲ್ಲಿ ಬೇರೆ ಗಂಟುಗಳಿಲ್ಲ, ಇದು ಒಳ್ಳೆಯದು ಅಂದರು.

"ಕ್ಯಾನ್ಸರ್ ಏನ್ರಿ?" ಅಂದೆ ನಾನು.

"ಅನ್ನಲ್ಲ. ಅಲ್ಲ ಅಂತನೂ ಅನ್ನಲ್ಲ. ಇಂಥ ಗಂಟು ಬಹಳ ಮಂದಿಗೆ ಸಾದಾ ಇರ್ತದ. ಆದ್ರೆ ಈ ಕೆಳಗಿನ ಅಂಚು ನನಗೆ ಸರಿ ಅನಿಸವಲ್ದು."

"ಹಂಗಾದ್ರ ಈ ಮಿಷನ್ ಹೇಳಿದ್ದೇನ್ರಿ? ಹಿಂಗೂ ಇಲ್ಲ, ಹಂಗೂ ಇಲ್ಲ."

ಅವರು ಸಿಟ್ಟಾಗಲಿಲ್ಲ. "ಎಲ್ಲಿ ಅದ, ಎಷ್ಟು ಅದ, ಅಂಚು ಹ್ಯಾಂಗದ, ಸುತ್ತ ಏನದ, ಇಷ್ಟು ಹೇಳ್ತದ. ಹೆಸರು ಹೇಳಲ್ಲ. ಹೆಸರು ಸೂಜಿ ಹೇಳ್ತದ. ದವಡೆ ಎಲುಬಿನ ಹಿಂದಕ್ಕೆ ಇಳಿದಿದ್ರೆ ಅದೂ ನನಗೆ ಕಾಣಲ್ಲ, ಸದ್ದು ಎಲುಬು ದಾಟಲ್ಲ." ಆಮೇಲೆ ಅತ್ತಿಯ ಕಡೆ ತಿರುಗಿದರು. "ನಿಮ್ಮ ಮುಖ ಆಡಿಸೋ ನರ ಈ ಗ್ರಂಥಿ ನಡುವಿಂದ ಹಾಯ್ತದ. ಹಲ್ಲು ತೋರ್ಸಂದದ್ದು ಅದಕ್ಕೇ. ಇವತ್ತು ನರ ಚಲೋ ಅದ. ಮುಂದಿನ ಬುಧವಾರ ಬೀದರಿಗೆ ಹೋಗ್ರಿ, ಮಿಷನ್ನಿನಾಗ ನೋಡ್ಕೋತ ಗಂಟಿಗೆ ಸೂಜಿ ಹಾಕಿ ಒಂಚೂರು ತಗದು ಪರೀಕ್ಷಾ ಮಾಡ್ತಾರ. ತಡ ಮಾಡಬ್ಯಾಡ್ರಿ."

ಅಲ್ಲಿಗೆ ಮಿಷನ್ನಿನ ಕೆಲಸ ಮುಗಿದಿತ್ತು. ಅದು ತನಗೆ ತಿಳಿದದ್ದನ್ನು ಹೇಳಿತ್ತು, ತಿಳಿಯದ್ದನ್ನು ತಿಳಿಯದು ಅಂತಲೂ ಹೇಳಿತ್ತು. ನಮ್ಮ ಬಳಗದಲ್ಲಿ ಇಷ್ಟು ಪ್ರಾಮಾಣಿಕವಾಗಿ ಮಾತಾಡುವವರನ್ನು ನಾನು ಕಂಡಿಲ್ಲ.

ಮರುದಿನ ಮಾಮ ಔರಾದಿನಿಂದ ಬಂದರು. ಆಯಿ ಶರಣಾರ್ಥಿ ಹೇಳಿ ನೀರು ಕೊಟ್ಟಳು. ಅವರು ಕುಡಿದು, ಚೊಂಬು ಇಟ್ಟು, ನನ್ನನ್ನೇ ಕೇಳಿದರು.

"ಸೂಜಿ ಆದ ಮ್ಯಾಲ ಏನವ್ವ?"

"ಕೆಟ್ಟದ್ದಿದ್ರ ಆಪರೇಷನ್ ಮಾಮ. ಕೆಟ್ಟದ್ದು ಅಲ್ಲದಿದ್ರೂ ತಗೀಬೇಕಾಗ್ತದ ಅಂದಾರ."

"ಅಂದ್ರ ಈ ಸಲ ಜೋಡಿ ಇಲ್ಲ."

ಅತ್ತಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಾಮ ಕೆಟ್ಟವರಲ್ಲ. ಕೈ ಎತ್ತಿದ್ದನ್ನು, ಗದರಿದ್ದನ್ನು ನಾನು ನೋಡಿಲ್ಲ. ಮೆಲ್ಲಗೆ ಒಂದು ಮಾತು ಇಟ್ಟು ಸುಮ್ಮನಾಗುತ್ತಾರೆ. ಆ ಮಾತು ಮನೆಯಲ್ಲಿ ಉಳಿದುಬಿಡುತ್ತದೆ.

"ಸೂಜಿ ಚುಚ್ಚಿದ್ರ ಗಂಟು ಹರಡ್ತದಂತಾರಲ್ಲ" ಅಂದರು.

"ಯಾರಂತಾರ? ಸೂಜಿ ಹಾಕಿಸ್ಕೊಂಡವ್ರು ಅಂತಾರೋ, ಹಾಕಿಸ್ಕೊಳ್ಳದವ್ರು ಅಂತಾರೋ?" ಅಂದೆ. ಆ ಸೂಜಿ ಎಷ್ಟು ಸಣ್ಣದು, ಅದರಿಂದ ಹರಡುವ ಹೆದರಿಕೆ ಎಷ್ಟು ಕಡಿಮೆ, ಬಿಟ್ಟರೆ ಅದು ತಾನೇ ಹರಡುವ ಹೆದರಿಕೆ ಎಷ್ಟು ಹೆಚ್ಚು, ಎಲ್ಲ ಹೇಳಿದೆ.

"ನೀ ಗೆದ್ದಿ ಬಿಡವ್ವ" ಅಂದರು ಮಾಮ. ಆಮೇಲೆ ಅತ್ತಿಗೆ, "ನೀ ಹ್ಯಾಂಗಂತಿ ಹಂಗ. ನಾ ಏನೂ ಅನ್ನಂಗಿಲ್ಲ."

ಅತ್ತಿ ಜೋಳದಿಂದ ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ಬಟ್ಟೆ ತರಬೇಕು, ಮನೆಗೆ ಕೀಲಿ ಹಾಕಿಕೊಂಡು ಬರಬೇಕು, ಬುಧವಾರ ನೆಟ್ಟಗೆ ಬೀದರಿಗೇ ಬರುತ್ತೇನೆ ಅಂದಳು. ಸಂಜೆಯ ಬಸ್ಸಿಗೆ ಇಬ್ಬರೂ ಔರಾದಿಗೆ ಹೋದರು.

ಬುಧವಾರ ಬಂದಳು, ಮಾತು ತಪ್ಪಲಿಲ್ಲ. ತಲೆಗೆ, ಗದ್ದಕ್ಕೆ ಓಢಣಿ ಸುತ್ತಿಕೊಂಡಿದ್ದಳು. ಬಿಸಿಲಿಗೆ ಅಂದುಕೊಂಡೆ. ಒಳಗೆ ಡಾಕ್ಟರ ಮುಂದೆ ಬಿಚ್ಚಿದಾಗ ಕಿವಿಯಿಂದ ಕುತ್ತಿಗೆಯವರೆಗೆ ತೊಗಲು ಕರ್ರಗಾಗಿತ್ತು. ನಡುವೆ ಗುಳ್ಳೆಗಳೆದ್ದು ಒಡೆದು ನೀರು ಸೋರುತ್ತಿತ್ತು.

"ಇದೇನಮ್ಮಾ?" ಅಂದರು ಬೀದರಿನ ಡಾಕ್ಟರು.

"ಭಜಿ ಕರಿಯುವಾಗ ಎಣ್ಣಿ ಸಿಡೀತ್ರಿ."

ಅವರು ಹುಣ್ಣಿಲ್ಲದ ಅಂಚಿನಲ್ಲಿ ಮಿಷನ್ನನ್ನು ಹಗುರವಾಗಿ ಇಟ್ಟು ನೋಡಿದರು. ತೊಗಲಿನ ಕೆಳಗೆಲ್ಲ ನೀರು ತುಂಬಿ ಚಿತ್ರ ಮಸುಕಾಗಿತ್ತು. ಕುತ್ತಿಗೆಯಲ್ಲಿ ಮಣಿಗಳ ಹಾಗೆ ಗಂಟು ಸಾಲು. "ಭಾಲ್ಕಿ ರಿಪೋರ್ಟಿನಾಗ ಇವು ಇಲ್ಲ. ಸುಟ್ಟದ್ದಕ್ಕೆ ಬಾತಿದಾವೋ, ಒಳಗಿನ ಗಂಟಿಗೆ ಬಂದಾವೋ, ಇವತ್ತು ಹೇಳಾಕ ಬರಂಗಿಲ್ಲ. ಈ ಹುಣ್ಣಿನ್ಯಾಗಿಂದ ಸೂಜಿನೂ ಹಾಕಂಗಿಲ್ಲ. ಮಾಯಿಸ್ಕೊಂಡು ಬರ್ರಿ."

ಸಿಡಿದ ಎಣ್ಣೆ ಚುಕ್ಕೆ ಚುಕ್ಕೆ ಸುಡುತ್ತದೆ. ಇದು ಒರೆಸಿದ ಹಾಗೆ ಸುಟ್ಟಿತ್ತು. ಹೊರಗೆ ಬಂದು, ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಕೇಳಿದೆ. ಅತ್ತಿ ಓಢಣಿ ಸುತ್ತಿಕೊಳ್ಳುತ್ತ, "ಬಿಬ್ಬ" ಅಂದಳು.

ಬಿಬ್ಬ ಅಂದರೆ ಅಗಸರು ಬಟ್ಟೆಗೆ ಗುರುತು ಹಾಕುವ ಕರಿ ಬೀಜ. ಅದರ ಎಣ್ಣೆ ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ತೊಗಲಿಗೆ ಬಿದ್ದರೆ ಸುಡುತ್ತದೆ. ನಮ್ಮಲ್ಲಿ ಮಂಡಿನೋವಿಗೆ, ಉಳುಕಿಗೆ, ಏಳುವ ಗಂಟಿಗೆ ಅದನ್ನು ಹಚ್ಚುವುದು ರೂಢಿ. ಒಳಗಿನ ಕೆಟ್ಟದ್ದನ್ನು ಸುಟ್ಟು ಹೊರಗೆ ತರುತ್ತದೆ ಅನ್ನುವ ನಂಬಿಕೆ.

"ಡಾಕ್ಟರಿಗ್ಯಾಕ ಸುಳ್ಳು ಹೇಳ್ದಿ?"

"ಬೈತಿದ್ರು."

"ಹಚ್ಚಿದ್ದು ಯಾರು?"

"ಯಾರು ಹಚ್ಚಿದ್ರೇನು, ಸುಟ್ಟದ್ದಂತೂ ಖರೇ. ನಿನ್ನ ವಕೀಲಿ ಜಿರಾ ಇಲ್ಲೇ ರಸ್ತಾದಾಗ ನಡಸ್ಬ್ಯಾಡ, ಬಸ್ ಹೋಗ್ತದ."

ಹುಣ್ಣು ಮಾಯುವ ಮುಂಚೆ ಜೋಡಿ ಹೋಯಿತು. ಹೈದರಾಬಾದಿನಲ್ಲಿ ದವಾಖಾನೆಗಳಿಗೇನು ಬರವೇ, ಅಲ್ಲೇ ತೋರಿಸಿಕೊಳ್ಳುತ್ತೇನೆ ಅಂದಿದ್ದಳು. ಫೋನ್ ಮಾಡಿದರೆ ಪ್ರತಿ ಸಲ "ಆರಾಮ ಅದ", ಹಿಂದೆ ಸಿಮೆಂಟು ಕಲಸುವ ಮಿಷನ್ನಿನ ಗಡಗಡ. ಚಳಿಗಾಲ ಕಳೆಯಿತು, ಯುಗಾದಿ ಕಳೆಯಿತು. ಒಮ್ಮೆ ಫೋನಿನಲ್ಲಿ ಅವಳ ಮಾತು ತೊದಲಿತು. ಬಾಯಲ್ಲಿ ಎಲಿ ಅಡಕಿ ಅದ ಅಂದಳು. ಅತ್ತಿ ಎಲೆ ಅಡಿಕೆ ಹಾಕುವವಳಲ್ಲ.

ರೋಹಿಣಿ ಮಳೆ ಬರುತ್ತದೆ ಅಂತ ಎಲ್ಲರೂ ಮೇಲೆ ನೋಡುವ ಹೊತ್ತಿಗೆ ವಾಪಸು ಬಂದಳು. ಮಳೆ ಬರಲಿಲ್ಲ. ಅತ್ತಿಯ ಮುಖದ ಎಡಭಾಗ ಇಳಿದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ, ಅದರಲ್ಲಿ ಧೂಳು ಕೂತು ಕೆಂಪಾಗಿತ್ತು. ಚಹಾ ಕುಡಿಯುವಾಗ ತುಟಿಯ ಮೂಲೆಯನ್ನು ಬೆರಳಿಂದ ಹಿಡಿದುಕೊಳ್ಳುತ್ತಿದ್ದಳು. ಭಾಲ್ಕಿಯ ಡಾಕ್ಟರು ಮತ್ತೆ ಹಲ್ಲು ತೋರಿಸಿ ಅಂದರು. ಈ ಸಲ ಎಮ್ಮೆಯ ಮಾತು ಯಾರೂ ಎತ್ತಲಿಲ್ಲ. ಪರದೆಯಲ್ಲಿ ಗಂಟಿಗೆ ಅಂಚೇ ಉಳಿದಿರಲಿಲ್ಲ. ಕುತ್ತಿಗೆಯ ಗಂಟುಗಳು ದುಂಡಗೆ, ಕಪ್ಪಗೆ ಕೂತಿದ್ದವು. ಸುಟ್ಟದ್ದು ಮಾಯ್ದು ಎಷ್ಟೋ ತಿಂಗಳಾಗಿತ್ತು, ಇನ್ನು ಆ ನೆಪವೂ ಇರಲಿಲ್ಲ. ಬೀದರಿನಲ್ಲಿ ಸೂಜಿ ಹಾಕಿದರು, ಅದು ಹೆಸರು ಹೇಳಿತು. ದೊಡ್ಡ ಊರಿಗೆ ಕರೆದೊಯ್ದು ಆಪರೇಷನ್ ಮಾಡಿಸಿದೆವು. ಗಂಟಿನ ಜೊತೆ ನರವನ್ನೂ ತೆಗೆದರು. ಗಂಟು ನರವನ್ನು ಸುತ್ತಿಕೊಂಡಿತ್ತು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಈಗ ಪುಪ್ಪುಸದಲ್ಲಿ ಚುಕ್ಕೆಗಳು ಕಾಣುತ್ತಿವೆ.

ಮೊದಲೇ ಸೂಜಿ ಹಾಕಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ಭಾಲ್ಕಿಯ ಡಾಕ್ಟರನ್ನು ಕೇಳಿದೆ. "ಹೇಳಾಕ ಬರಲ್ಲ. ಜೀವದ್ದು ಗೊತ್ತಿಲ್ಲ. ಮುಖ ಉಳೀತಿತ್ತೇನೋ" ಅಂದರು. ನನ್ನ ವಾದ ಇಷ್ಟಕ್ಕೇ ನಿಲ್ಲುತ್ತದೆ.

ಮಿಷನ್ನಿನ ಕಥೆ ಹುಟ್ಟಿದ್ದು ಆಗಲೇ. ಅದು ಎಲ್ಲರಿಗೂ ಹಿತವಾಗಿತ್ತು. ಮಾಮನನ್ನು ದೂರಿದರೆ ಬೀಗರಲ್ಲಿ ಒಡಕು, ಆಯಿಯನ್ನು ದೂರಿದರೆ ಪಾಪ, ಅತ್ತಿಯನ್ನು ದೂರುವ ಮುಖ ಯಾರಿಗಿದೆ? ಮಿಷನ್ನಿಗೆ ಬೀಗರೂ ಇಲ್ಲ, ಬಳಗವೂ ಇಲ್ಲ. ಮಾಮ ಈ ವರ್ಷವೂ ಹೈದರಾಬಾದಿಗೆ ಹೋಗಿದ್ದಾರೆ, ಒಬ್ಬರೇ. ಯಾರದೋ ಜೋಡಿಯ ಖೋಲಿಯ ಹೊರಗೆ ಗೋಣಿತಟ್ಟು ಹಾಸಿಕೊಂಡು ಮಲಗುತ್ತಾರಂತೆ.

ಬಿಬ್ಬ ಕೊಟ್ಟು ಕಳಿಸಿದ್ದು ಆಯಿ ಅಂತ ನಾನು ಬಹಳ ದಿನ ನಂಬಿದ್ದೆ. ಈಗ ಅತ್ತಿ ಭಾಲ್ಕಿಯಲ್ಲಿ ಅವಳ ಹತ್ತಿರವೇ ಇದ್ದಾಳೆ. ಕಳೆದ ತಿಂಗಳು ಅತ್ತಿ ಮಲಗಿದ್ದಾಗ ಆಯಿಯನ್ನು ಅಡಿಗೆಮನೆಯಲ್ಲಿ ಹಿಡಿದು ಕೇಳಿದೆ.

"ನಾ ಕೊಟ್ಟಿಲ್ಲ ಯವ್ವಾ, ಲಿಂಗದ ಮ್ಯಾಲ ಕೈ ಇಡ್ತೇನಿ" ಅಂದಳು. ಆಮೇಲೆ ಸೀರೆ ಸರಿಸಿ ಮಂಡಿ ತೋರಿಸಿದಳು. ಎಳ್ಳಿನಷ್ಟು ಕರಿ ಬೊಟ್ಟುಗಳು. "ಬಿಬ್ಬ ಹಿಂಗ ಇಡ್ತಾರ. ದಬ್ಬಣ ಚುಚ್ಚಿ ದೀಪಕ್ಕ ಹಿಡದು, ಒಸರಿದ್ದು ಒಂದು ಬೊಟ್ಟು. ಸುತ್ತ ಸುಣ್ಣ. ಅಕಿ ಸಣ್ಣಕಿದ್ದಾಗ ಅಕಿ ಕೈಲೇ ಇಡಿಸ್ಕೋತಿದ್ದೆ. ಅಂಗೈಯಷ್ಟು ಯಾರರೆ ಬಳಕೋತಾರೇನು?"

ಅತ್ತಿಗೆ ಬಿಬ್ಬ ಗೊತ್ತಿತ್ತು ಅಂತಾಯಿತು. ಆದರೂ ಇದರಿಂದ ಒಂದೇ ತೀರ್ಮಾನ ಹೊರಡುವುದಿಲ್ಲ. ಅವಸರ ಇದ್ದವರು ಔಷಧಿಯನ್ನು ಹೆಚ್ಚೇ ಹಾಕುತ್ತಾರೆ. ಬುಧವಾರದೊಳಗೆ ಕರಗಲಿ ಅಂತ ಬಳಿದುಕೊಂಡಿರಬಹುದು. ಎರಡೂ ಕಡೆ ವಾದ ಮಾಡಬಲ್ಲೆ. ಸ್ಪರ್ಧೆಯಲ್ಲಿ ಅದಕ್ಕೇ ಬಹುಮಾನ ಕೊಡುತ್ತಿದ್ದರು.

ಹಾಗೆಯೇ ಬಿಡುತ್ತಿದ್ದೆನೇನೋ. ಆದರೆ ಮೊನ್ನೆ ಪಕ್ಕದ ಮನೆಯ ಸೊಸೆ ಬಂದಳು. ಮದುವೆಯಾಗಿ ಬಂದು ವರ್ಷವೂ ಆಗಿಲ್ಲ. ಗದ್ದದ ಕೆಳಗೆ ಏನೋ ಗಟ್ಟಿ ಸಿಗುತ್ತಿದೆ ಅಂತ ಅವಳನ್ನು ಸ್ಕ್ಯಾನಿಂಗಿಗೆ ಬರೆದುಕೊಟ್ಟಿದ್ದರು. ಹೋಗಬೇಕೋ ಬೇಡವೋ ಅಂತ ಅತ್ತಿಯನ್ನೇ ಕೇಳಲು ಬಂದಿದ್ದಳು, ಅನುಭವಸ್ಥರು ಅಂತ.

ಅತ್ತಿ ತುಟಿ ಹಿಡಿದುಕೊಂಡು ಹೇಳಿದಳು, "ಮಿಷನ್ ಹಚ್ಚಿಸ್ಕೋಬ್ಯಾಡ ತಂಗಿ. ನನ್ನ ನೋಡು."

ಆ ಹುಡುಗಿ ನೋಡಿದಳು. ಬರೆದುಕೊಟ್ಟ ಚೀಟಿಯನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡು ಎದ್ದುಹೋದಳು. ನಾನು ಬಾಗಿಲವರೆಗೆ ಹಿಂದೆ ಹೋಗಿ, ಹೋಗು, ಒಮ್ಮೆ ತೋರಿಸಿಕೋ, ಬೇಕಿದ್ದರೆ ನಾನೇ ಜೊತೆಗೆ ಬರುತ್ತೇನೆ ಅಂದೆ. ಅವಳು "ಅಕ್ಕೋರು ಹಂಗಂದ್ರಲ್ರಿ" ಅಂದಳು. ಅಷ್ಟೇ.

ಒಳಗೆ ಬಂದೆ. ಅತ್ತಿಯ ಕಣ್ಣಿಗೆ ಔಷಧಿ ಬಿಡುವ ಹೊತ್ತಾಗಿತ್ತು. ಮುಚ್ಚದ ಆ ಕಣ್ಣಿಗೆ ಹನಿ ಬಿಟ್ಟು, ರೆಪ್ಪೆಯನ್ನು ಬೆರಳಿಂದ ಇಳಿಸಿ ಹಿಡಿದೆ. ಇನ್ನೊಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಕೇಳಿದೆ:

"ಅತ್ತಿ, ಬಿಬ್ಬ ಹಚ್ಕೊಂಡದ್ದು ನೀನೇ ಅಂತ ನನಗ ಗೊತ್ತದ. ಗಂಟು ಕರಗ್ಲಿ ಅಂತ ಹಚ್ಕೊಂಡ್ಯೋ, ಸೂಜಿ ತಪ್ಪಿ ಜೋಡಿ ಹೋಗ್ಲಿ ಅಂತ ಹಚ್ಕೊಂಡ್ಯೋ?"